ಚೆಲ್ಲಿದ್ದು ಇಲ್ಲಿ, ತಪ್ಪಿದ್ದು ಅಲ್ಲಿ: ರಾಸಾಯನಿಕ ದ್ರವ ವರ್ಗಾವಣೆಯ ದೋಷ ನಿವಾರಣೆ

ನೆಲದ ಮೇಲೆ ಹನಿ ಕಂಡ ಕೂಡಲೇ ಕೈ ಸ್ಪ್ಯಾನರ್ ಹುಡುಕುತ್ತದೆ. ಹನಿಯ ನೇರಕ್ಕೆ ಮೇಲಿರುವ ಜೋಡಣೆಯನ್ನು ಇನ್ನರ್ಧ ಸುತ್ತು ಬಿಗಿಮಾಡಿ, ನೆಲ ಒರೆಸಿ, ಕೆಲಸ ಮುಂದುವರಿಸುತ್ತೇವೆ. ಮಾರನೆಯ ದಿನ ಅದೇ ಜಾಗದಲ್ಲಿ ಅದೇ ಹನಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುವ ಹಾಗೆ ಇದು. ಡ್ರಮ್ಮಿನಿಂದ ಕ್ಯಾನಿಗೆ, ಕ್ಯಾನಿನಿಂದ ಬಾಟಲಿಗೆ ಆಮ್ಲ, ಕ್ಷಾರ, ದ್ರಾವಕಗಳನ್ನು ತುಂಬಿಸುವ ಕೆಲಸದಲ್ಲಿ ವರ್ಷಗಟ್ಟಲೆ ಕೈ ಆಡಿಸಿದ ಮೇಲೆ ನನಗೆ ಉಳಿದ ಪಾಠ ಒಂದೇ: ದ್ರವ ಚೆಲ್ಲಿದರೆ ಮೊದಲು ಗಾಳಿಯ ಲೆಕ್ಕ ನೋಡಬೇಕು. ಒಂದು ಲೀಟರ್ ದ್ರವ ಹೊರಗೆ ಬರಬೇಕಾದರೆ ಒಂದು ಲೀಟರ್ ಗಾಳಿ ಒಳಗೆ ಹೋಗಲೇಬೇಕು. ತುಂಬುತ್ತಿರುವ ಪಾತ್ರೆಯಿಂದ ಅಷ್ಟೇ ಗಾಳಿ ಹೊರಗೆ ಬರಲೇಬೇಕು. ಈ ಎರಡು ದಾರಿಗಳಲ್ಲಿ ಒಂದು ಕಟ್ಟಿಕೊಂಡಿದ್ದರೆ, ಅಥವಾ ಗಾಳಿ ಹೋಗಬಾರದ ಕಡೆ ನುಗ್ಗುತ್ತಿದ್ದರೆ, ದ್ರವ ತನಗೆ ಬೇಕಾದ ದಾರಿ ಹಿಡಿಯುತ್ತದೆ.

ಕೈ ಹಾಕುವ ಮೊದಲು

ದೋಷ ಹುಡುಕುವಾಗ ಆಗುವ ಗಾಯಗಳು ದೋಷದಿಂದ ಆಗುವ ಗಾಯಗಳಿಗಿಂತ ಕೆಟ್ಟವು. ಮುಖವನ್ನು ಜೋಡಣೆಯ ಹತ್ತಿರ ಒಯ್ದು ಇಣುಕುವ ಹೊತ್ತು ಅದೇ ಆಗಿರುತ್ತದೆ. ಆದ್ದರಿಂದ ಪಂಪು ನಿಲ್ಲಿಸಿ, ವಾಲ್ವ್ ಮುಚ್ಚಿ, ಒಳಗಿನ ಒತ್ತಡ ಇಳಿಸಿ, ಆಮೇಲೆ ನೋಡಿ. ಸಾದಾ ಕನ್ನಡಕ ಸಾಲದು. ಸುತ್ತಲೂ ಮುಚ್ಚುವ ಗಾಗಲ್ಸ್, ಅದರ ಮೇಲೆ ಮುಖಕವಚ, ಏಪ್ರನ್ ಬೇಕು. ಕೈಗವಸಿನ ವಿಷಯದಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ತೆಳು ನೈಟ್ರೈಲ್ ಕೈಗವಸು ಎಲ್ಲದಕ್ಕೂ ಆಗುತ್ತದೆ ಎಂಬ ನಂಬಿಕೆ ಇದೆ. ಅಸಿಟೋನ್ ಅದನ್ನು ಕೆಲವೇ ನಿಮಿಷಗಳಲ್ಲಿ ದಾಟಿ ಬರುತ್ತದೆ, ಅದಕ್ಕೆ ಬ್ಯುಟೈಲ್ ರಬ್ಬರ್ ಬೇಕು. ಯಾವ ದ್ರವಕ್ಕೆ ಯಾವ ಕೈಗವಸು ಎಂಬುದು ಅದರ ಸುರಕ್ಷತಾ ಮಾಹಿತಿ ಪತ್ರದಲ್ಲಿ ಇರುತ್ತದೆ.

ಪರೀಕ್ಷೆಯನ್ನು ಸಾಧ್ಯವಿರುವಲ್ಲೆಲ್ಲ ನೀರಿನಲ್ಲಿ ಮಾಡಿ. ಪಂಪನ್ನು ಬಸಿದು, ತೊಳೆದು, ಒಂದು ಬಕೆಟ್ ನೀರಿನಲ್ಲಿ ಓಡಿಸಿದರೆ ಹತ್ತರಲ್ಲಿ ಎಂಟು ತೊಂದರೆಗಳು ಅಲ್ಲೇ ಮುಖ ತೋರಿಸುತ್ತವೆ. ಒಂದು ಎಚ್ಚರ: 98 ಪ್ರತಿಶತ ಸಲ್ಫ್ಯೂರಿಕ್ ಆಮ್ಲ ಎಳೆದ ಪಂಪಿಗೆ ಸ್ವಲ್ಪ ನೀರು ಹಾಕಿ ತೊಳೆಯಲು ಹೋಗಬೇಡಿ. ಉಳಿದ ಆಮ್ಲ ಕುದಿದು ಎಗರುತ್ತದೆ. ಪೂರ್ತಿ ಬಸಿದ ಮೇಲೆ, ಧಾರಾಳ ನೀರು ತುಂಬಿದ ಪ್ಲಾಸ್ಟಿಕ್ ತೊಟ್ಟಿಗೆ ನಿಧಾನವಾಗಿ ಇಳಿಸಿ. ಮತ್ತೆ ಆಮ್ಲಕ್ಕೆ ಹಾಕುವ ಮೊದಲು ಒಣಗಿಸಿ.

ಗುಳುಗುಳು ಎಂದು ಎಗರುತ್ತದೆ

ಕ್ಯಾನನ್ನು ಬಗ್ಗಿಸಿದಾಗ ಮೊದಲು ಏನೂ ಬರುವುದಿಲ್ಲ, ಆಮೇಲೆ ಒಂದು ಗುಟುಕು, ನಿಲುಗಡೆ, ಮತ್ತೊಂದು ದೊಡ್ಡ ಗುಟುಕು. ಆಲಿಕೆ ತುಂಬಿ ಹೊರಚೆಲ್ಲುತ್ತದೆ. ಸುರಿಯುವವನ ಕೈ ನಡುಗಿತು ಎಂದು ಬೈಯುವುದು ಸುಲಭ. ನಿಜವಾಗಿ ಆಗುತ್ತಿರುವುದು ಇಷ್ಟು: ಕ್ಯಾನಿನ ಬಾಯಿ ಪೂರ್ತಿ ದ್ರವದಿಂದ ಮುಚ್ಚಿಹೋಗಿದೆ; ದ್ರವ ಇಳಿದಂತೆ ಒಳಗೆ ನಿರ್ವಾತ ಬೆಳೆಯುತ್ತದೆ; ಅದು ಸಾಕಷ್ಟಾದಾಗ ಗಾಳಿ ದ್ರವವನ್ನು ಸೀಳಿಕೊಂಡು ಒಳನುಗ್ಗುತ್ತದೆ. ಆ ನುಗ್ಗುವಿಕೆಯೇ ಗುಟುಕು.

ಒಮ್ಮೆ ಹೈಡ್ರೋಕ್ಲೋರಿಕ್ ಆಮ್ಲದ 20 ಲೀಟರ್ ಕ್ಯಾನನ್ನು ನಾನೇ ಹೀಗೆ ಬಗ್ಗಿಸಿದ್ದೆ. ಬಾಯಿ ಕ್ಯಾನಿನ ಒಂದು ಮೂಲೆಯಲ್ಲಿತ್ತು, ನಾನು ಆ ಮೂಲೆ ಕೆಳಗೆ ಬರುವಂತೆ ಹಿಡಿದಿದ್ದೆ. ನೋಡುವವರಿಗೆ ಅದೇ ಸಹಜ ಭಂಗಿ. ಮೂರನೆಯ ಗುಟುಕು ಆಲಿಕೆಯ ಅಂಚಿಗೆ ಬಡಿದು ಮುಖಕವಚದ ಮೇಲೆ ಐದಾರು ಹನಿಗಳ ಸಾಲು ಬರೆಯಿತು. ಎಡಗಣ್ಣಿನ ನೇರಕ್ಕಿದ್ದ ಹನಿ ಕೆಳಗಿಳಿಯುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಪರಿಹಾರ ನಾಚಿಕೆಯಾಗುವಷ್ಟು ಸರಳ: ಬಾಯಿ ಇರುವ ಮೂಲೆ ಮೇಲ್ಭಾಗದಲ್ಲಿರುವಂತೆ ಕ್ಯಾನನ್ನು ತಿರುಗಿಸಿ ಹಿಡಿದು ಬಗ್ಗಿಸಬೇಕು. ಆಗ ಬಾಯಿಯ ಕೆಳಅರ್ಧದಲ್ಲಿ ದ್ರವ ಹೊರಗೆ, ಮೇಲಿನ ಅರ್ಧದಲ್ಲಿ ಗಾಳಿ ಒಳಗೆ. ಧಾರೆ ಎಣ್ಣೆಯಂತೆ ಬರುತ್ತದೆ. ಗಾಳಿಗೆಂದೇ ಬೇರೆ ಮುಚ್ಚಳವಿರುವ ಕ್ಯಾನಾದರೆ ಅದನ್ನು ಸಡಿಲಿಸಿ.

ಆಲಿಕೆಯಲ್ಲೂ ಇದೇ ಕಥೆ. ಅದರ ಕತ್ತು ಬಾಟಲಿಯ ಬಾಯಿಗೆ ಬಿರಡೆಯಂತೆ ಕೂತರೆ ಒಳಗಿನ ಗಾಳಿಗೆ ದಾರಿಯಿಲ್ಲ; ದ್ರವ ಆಲಿಕೆಯಲ್ಲಿ ನಿಂತು, ಒಮ್ಮೆ ಗುಳ್ಳೆ ಹೊಡೆದು ಮೇಲಕ್ಕೆ ಚಿಮ್ಮುತ್ತದೆ. ಹೊರಮೈಯಲ್ಲಿ ಏಣುಗಳಿರುವ ಆಲಿಕೆ ಬಳಸಿ, ಇಲ್ಲವೇ ಒಂದು ಕೂದಲೆಳೆಯಷ್ಟು ಎತ್ತಿ ಹಿಡಿಯಿರಿ.

ಇನ್ನೊಂದು ಮಾತು, ತೂಕದ್ದು. 20 ಲೀಟರ್ ಎಂದರೆ 20 ಕಿಲೋ ಎಂಬ ಅಂದಾಜು ನೀರಿಗೆ ಮಾತ್ರ. ಗಾಢ ಸಲ್ಫ್ಯೂರಿಕ್ ಆಮ್ಲದ ಒಂದು ಲೀಟರ್ 1.84 ಕಿಲೋ ತೂಗುತ್ತದೆ. ಅಂದರೆ ಅದೇ ಕ್ಯಾನು ಸುಮಾರು 37 ಕಿಲೋ. ಕೈಯಲ್ಲಿ ಎತ್ತಿ ಸುರಿಯುವ ವಸ್ತುವಲ್ಲ ಅದು. ಓರೆಯಾಗಿಸುವ ಸ್ಟ್ಯಾಂಡ್ ಅಥವಾ ಪಂಪು ಇಲ್ಲದಿದ್ದರೆ ಕೆಲಸ ಮುಂದೂಡಿ.

ನಲ್ಲಿಯ ಧಾರೆ ಸಣ್ಣದಾಗುತ್ತ ಹೋಗುತ್ತದೆ

ಮಲಗಿಸಿದ ಡ್ರಮ್ಮಿನ ನಲ್ಲಿಯಿಂದ ಮೊದಲು ಜೋರು ಧಾರೆ, ನಂತರ ದಾರದಂತೆ, ಆಮೇಲೆ ತಡೆತಡೆದು. ನಲ್ಲಿ ಕಟ್ಟಿಕೊಂಡಿದೆ ಎಂದು ಬಿಚ್ಚಲು ಹೊರಡುವುದೇ ಇಲ್ಲಿ ಅಪಘಾತ. 200 ಲೀಟರ್ ಡ್ರಮ್ಮಿನ ತಲೆಯಲ್ಲಿ ಸಾಮಾನ್ಯವಾಗಿ ಎರಡು ಬಾಯಿಗಳಿರುತ್ತವೆ, ಒಂದು 2 ಇಂಚಿನದು, ಇನ್ನೊಂದು ಮುಕ್ಕಾಲು ಇಂಚಿನದು. ಒಂದರಲ್ಲಿ ನಲ್ಲಿ ಕೂತು ಕೆಳಗಿದ್ದರೆ ಇನ್ನೊಂದು ನೇರ ಮೇಲೆ ಬಂದು ಗಾಳಿಬಾಯಿಯಾಗಬೇಕು. ಆ ಮೇಲಿನ ಮುಚ್ಚಳವನ್ನು ಯಾರೂ ತೆರೆದಿರುವುದಿಲ್ಲ, ಅಷ್ಟೇ. ಲೋಹದ ಪಂಜರದೊಳಗೆ ಕೂತ 1000 ಲೀಟರ್ ಪ್ಲಾಸ್ಟಿಕ್ ತೊಟ್ಟಿಗಳಲ್ಲೂ ಹೀಗೆಯೇ. ಮೇಲಿನ ದೊಡ್ಡ ಮುಚ್ಚಳ ಬಿಗಿಯಾಗಿದ್ದು ಕೆಳಗಿನ ವಾಲ್ವ್ ತೆರೆದರೆ ಪ್ಲಾಸ್ಟಿಕ್ ಗೋಡೆ ಹೊಟ್ಟೆ ಎಳೆದುಕೊಂಡಂತೆ ಒಳಕ್ಕೆ ಕುಗ್ಗುತ್ತದೆ. ಆ ಕುಗ್ಗು ಕಂಡರೆ ಬೇರೆ ಪರೀಕ್ಷೆಯೇ ಬೇಡ.

ಮುಚ್ಚಳ ಸಡಿಲಿಸುವಾಗ ಮಾತ್ರ ಆತುರ ಬೇಡ. ಬಿಸಿಲಿನಲ್ಲಿ ನಿಂತಿದ್ದ ಡ್ರಮ್ಮಿನೊಳಗೆ ನಿರ್ವಾತದ ಬದಲು ಒತ್ತಡವಿರಬಹುದು. ತಲೆ ಉಬ್ಬಿದೆಯೇ ನೋಡಿ, ಸಣ್ಣ ಮುಚ್ಚಳವನ್ನು ಕಾಲು ಸುತ್ತು ತಿರುಗಿಸಿ, ಉಸ್ಸೆನ್ನುವುದು ನಿಲ್ಲುವ ತನಕ ಮುಖ ಪಕ್ಕಕ್ಕೆ ತಿರುಗಿಸಿ ಕಾಯಿರಿ. ಧಾರೆ ಬೇಗ ಬರಲಿ ಎಂದು ಡ್ರಮ್ಮಿಗೆ ಕಂಪ್ರೆಸರ್ ಗಾಳಿ ಕೊಡುವವರನ್ನೂ ಕಂಡಿದ್ದೇನೆ. ಡ್ರಮ್ ಒತ್ತಡದ ಪಾತ್ರೆಯಲ್ಲ. ಅದರ ತಲೆ ಹಾರಿದರೆ ಮಾತನಾಡಲು ಯಾರೂ ಉಳಿದಿರುವುದಿಲ್ಲ.

ಪಂಪು ಎಳೆಯುವುದಿಲ್ಲ, ಎಳೆದರೂ ಗುಳ್ಳೆ

ಇದು ಎಲ್ಲಕ್ಕಿಂತ ಹೆಚ್ಚು ಸಮಯ ತಿನ್ನುವ ದೋಷ. ಕಾರಣ, ಎಳೆಯುವ ಬದಿಯ ಸೋರಿಕೆ ಹೊರಗೆ ತೊಟ್ಟಿಕ್ಕುವುದಿಲ್ಲ. ಅಲ್ಲಿ ಒಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆ. ದ್ರವ ಹೊರಬರುವ ಬದಲು ಗಾಳಿ ಒಳಸೇರುತ್ತದೆ. ಜೋಡಣೆ ಒಣಗಿಯೇ ಇರುತ್ತದೆ, ನಾವು ಅದನ್ನು ನಿರಪರಾಧಿ ಎಂದುಕೊಳ್ಳುತ್ತೇವೆ. ಆ ಗಾಳಿ ಪಂಪು ದಾಟಿ ಹೊರನಳಿಕೆಯ ತುದಿಯಲ್ಲಿ ಪಟಪಟ ಸಿಡಿದು ದ್ರವವನ್ನು ಚಿಮ್ಮಿಸುತ್ತದೆ. ಚೆಲ್ಲಿದ್ದು ತುದಿಯಲ್ಲಿ, ತಪ್ಪಿದ್ದು ಮೂರು ಮೀಟರ್ ಹಿಂದೆ.

ಪಾರದರ್ಶಕ ನಳಿಕೆಯ ಒಂದು ತುಂಡನ್ನು ಪಂಪಿನ ಮುಂದೆ ಸೇರಿಸಿ ನೋಡಿ. ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೊಂದು, ಒಂದೇ ಅಂತರದಲ್ಲಿ ಸಾಗುತ್ತಿದ್ದರೆ ಎಲ್ಲೋ ಸೂಜಿಮೊನೆಯಷ್ಟು ರಂಧ್ರವಿದೆ. ಈಗ ಪಂಪು ನಿಲ್ಲಿಸಿ. ಗುಳ್ಳೆ ಹುಟ್ಟುವುದೂ ನಿಂತರೆ ಅದು ಹೊರಗಿನ ಗಾಳಿ. ಪಂಪು ನಿಂತ ಮೇಲೂ ನಳಿಕೆಯ ಎತ್ತರದ ಭಾಗದಲ್ಲಿ ಗುಳ್ಳೆ ಕೂಡುತ್ತಲೇ ಇದ್ದರೆ ಗಾಳಿಯ ದೋಷವಿಲ್ಲ, ದ್ರವವೇ ಅನಿಲ ಬಿಡುತ್ತಿದೆ. ಸೋಡಿಯಂ ಹೈಪೋಕ್ಲೋರೈಟ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಹೀಗೆ ಮಾಡುತ್ತವೆ; ಅವುಗಳ ವಿಷಯ ಮುಂದೆ.

ಗಾಳಿ ಎಲ್ಲಿ ಸೇರುತ್ತಿದೆ ಎಂದು ತಿಳಿಯಲು ಡ್ರಮ್ಮಿನ ಮಟ್ಟವೇ ಸಾಕ್ಷಿ ಹೇಳುತ್ತದೆ. ತುಂಬಿದ ಡ್ರಮ್ಮಿನಿಂದ ಚೆನ್ನಾಗಿ ಎಳೆದು, ಅರ್ಧಕ್ಕಿಳಿದ ಮೇಲೆ ಗುಳ್ಳೆ ಶುರುವಾದರೆ ಪಂಪಿನಿಂದ ದ್ರವದೊಳಕ್ಕೆ ಇಳಿಬಿಟ್ಟ ಮುಳುಗುಕೊಳವೆಯ ಮಧ್ಯದಲ್ಲಿ ಬಿರುಕಿದೆ. ಬಿರುಕು ದ್ರವದೊಳಗೆ ಇರುವಷ್ಟು ಕಾಲ ಅದರಿಂದ ದ್ರವವೇ ಒಳಸೇರುತ್ತಿತ್ತು, ಯಾರಿಗೂ ಗೊತ್ತಾಗಲಿಲ್ಲ. ಮಟ್ಟ ಇಳಿದು ಅದು ಬಯಲಾದ ಕ್ಷಣದಿಂದ ಗಾಳಿ ಕುಡಿಯತೊಡಗಿತು. ಆಗಿನ ಮಟ್ಟವನ್ನು ಅಳೆದು ಕೊಳವೆಯ ಮೇಲೆ ಗುರುತು ಹಾಕಿದರೆ ಬಿರುಕು ಅದರ ಆಸುಪಾಸಿನಲ್ಲೇ ಸಿಗುತ್ತದೆ. ಗುಳ್ಳೆಯೇ ಇಲ್ಲದೆ, ಮಟ್ಟ ಇಳಿದಂತೆ ಬರೀ ವೇಗ ಕುಂದಿದರೆ ಕೊಳವೆ ಸರಿಯಿದೆ, ಪಂಪಿನ ಪಿಸ್ಟನ್ ಅಥವಾ ರೆಕ್ಕೆ ಸವೆದಿರಬಹುದು.

ಪಂಪು ಹತ್ತು ಸಲ ಒತ್ತಿದ ಮೇಲೆ ಎಳೆದು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹತ್ತು ಸಲ ಒತ್ತಬೇಕಾದರೆ ಎಳೆದ ದ್ರವ ಹಿಂದಕ್ಕೆ ಇಳಿಯದಂತೆ ತಡೆಯುವ ತಳದ ವಾಲ್ವ್ ಅನುಮಾನಾಸ್ಪದ. ನೀರು ಎಳೆದು ನಿಲ್ಲಿಸಿ, ಪಂಪನ್ನು ಬಕೆಟ್ಟಿನಿಂದ ಮೇಲಕ್ಕೆತ್ತಿ ಹಿಡಿಯಿರಿ. ಕೆಳಗಿನಿಂದ ನೀರು ಬಸಿದುಹೋದರೆ ವಾಲ್ವ್ ಕೂರುತ್ತಿಲ್ಲ. ಬಹುತೇಕ ಒಂದು ಚೂರು ಕಸ, ಇಲ್ಲವೇ ಹಳೆಯ ರಾಸಾಯನಿಕದ ಹರಳು ಅಡ್ಡ ಬಂದಿರುತ್ತದೆ. ಬಿಸಿಯೇರಿದ ಅಸಿಟೋನನ್ನು ಮೇಲಿನಿಂದ ಎಳೆಯುವ ಪಂಪಿಗೆ ಬೇರೆಯದೇ ಕಷ್ಟ: 56 ಡಿಗ್ರಿಗೇ ಕುದಿಯುವ ದ್ರವ, ಒತ್ತಡ ಇಳಿದಾಗ ಕೊಳವೆಯಲ್ಲೇ ಆವಿಯಾಗುತ್ತದೆ. ಅದಕ್ಕೆ ರಿಪೇರಿಯಿಲ್ಲ. ಡ್ರಮ್ಮನ್ನು ನೆರಳಿಗೆ ಸರಿಸಿ ಅಥವಾ ತಳದಲ್ಲಿ ಮುಳುಗಿ ಮೇಲಕ್ಕೆ ತಳ್ಳುವ ಪಂಪು ಹಾಕಿ. ಚಳಿಯಲ್ಲಿ ಇದರ ತಿರುಗುಮುರುಗು: 50 ಪ್ರತಿಶತ ಕಾಸ್ಟಿಕ್ ಸೋಡಾ ದ್ರಾವಣ ಸುಮಾರು 12 ಡಿಗ್ರಿಯ ಹತ್ತಿರ ಹರಳುಗಟ್ಟತೊಡಗುತ್ತದೆ, ನೀರಿಲ್ಲದ ಶುದ್ಧ ಅಸೆಟಿಕ್ ಆಮ್ಲ 16.6 ಡಿಗ್ರಿಗೆ ಗಡ್ಡೆಕಟ್ಟುತ್ತದೆ. ಪಂಪಿನ ಮೇಲೆ ಸಿಟ್ಟು ಮಾಡುವ ಮೊದಲು ಥರ್ಮಾಮೀಟರ್ ನೋಡಿ.

ಪಂಪು ನಿಲ್ಲಿಸಿದರೂ ಹರಿಯುತ್ತದೆ

ನಳಿಕೆಯ ತುದಿ ಡ್ರಮ್ಮಿನೊಳಗಿನ ದ್ರವದ ಮಟ್ಟಕ್ಕಿಂತ ಕೆಳಗಿದ್ದರೆ ಪಂಪಿನ ಅಪ್ಪಣೆ ಯಾರಿಗೂ ಬೇಕಾಗಿಲ್ಲ, ಸೈಫನ್, ಅಂದರೆ ದ್ರವ ತನ್ನ ಭಾರಕ್ಕೇ ನಳಿಕೆಯಲ್ಲಿ ಇಳಿಯುವುದು, ತಾನಾಗಿ ನಡೆಯುತ್ತದೆ. ಕ್ಯಾನು ತುಂಬಿ ನೆಲಕ್ಕೆ ಹರಿಯುವ ದೊಡ್ಡ ಚೆಲ್ಲುಗಳಲ್ಲಿ ನಾನು ಕಂಡ ಬಹುಪಾಲು ಇದೇ. ಆ ಕ್ಷಣಕ್ಕೆ ಮದ್ದು ನಳಿಕೆಯ ತುದಿಯನ್ನು ಡ್ರಮ್ಮಿನ ಮಟ್ಟಕ್ಕಿಂತ ಮೇಲೆತ್ತುವುದು. ಶಾಶ್ವತ ಮದ್ದು ಪಂಪಿನ ತಲೆಯಲ್ಲಿ ಗಾಳಿ ಬಿಡುವ ಸಣ್ಣ ವಾಲ್ವ್. ಅದು ಮೊದಲೇ ಇದ್ದೂ ಕೆಲಸ ಮಾಡದಿದ್ದರೆ ಅದರ ರಂಧ್ರ ಹರಳಿನಿಂದ ಮುಚ್ಚಿದೆಯೇ ನೋಡಿ. ಸೈಫನ್ ಶುರುಮಾಡಲು ಬಾಯಿಯಿಂದ ಎಳೆಯುವ ಅಭ್ಯಾಸ ಯಾರಿಗಾದರೂ ಉಳಿದಿದ್ದರೆ, ಅವರಿಂದ ನಳಿಕೆ ಕಸಿದುಕೊಳ್ಳಿ.

ಅನಿಲ ಬಿಡುವ ದ್ರವಗಳು

ಹೈಪೋಕ್ಲೋರೈಟ್ ನಿಂತಲ್ಲೇ ನಿಧಾನವಾಗಿ ಒಡೆದು ಆಮ್ಲಜನಕ ಬಿಡುತ್ತದೆ. ಬಿಸಿಯೂ ತಾಮ್ರ, ನಿಕ್ಕಲ್ ಚೂರುಗಳೂ ಅದನ್ನು ಚುರುಕುಗೊಳಿಸುತ್ತವೆ. ಇದರ ಕೊಳವೆಯಲ್ಲಿ ಸಾಮಾನ್ಯ ಬಾಲ್ ವಾಲ್ವ್ (ತೂತಿರುವ ಗೋಳ ತಿರುಗಿ ದಾರಿ ತೆರೆದು ಮುಚ್ಚುವಂಥದ್ದು) ಹಾಕಿದ್ದರೆ, ವಾಲ್ವ್ ಮುಚ್ಚಿದಾಗ ಗೋಳದ ಹೊಟ್ಟೆಯೊಳಗೆ ಒಂದಿಷ್ಟು ದ್ರವ ಸಿಕ್ಕಿಬೀಳುತ್ತದೆ. ಅನಿಲಕ್ಕೆ ಹೊರದಾರಿಯಿಲ್ಲ. ವಾರದ ನಂತರ ವಾಲ್ವ್ ಕವಚದ ಬದಿಯಲ್ಲಿ ಜಿನುಗು ಕಾಣಿಸುತ್ತದೆ, ಕೆಲವೊಮ್ಮೆ ವಾಲ್ವೇ ಸೀಳುತ್ತದೆ. ಇಂಥ ದ್ರವಗಳಿಗೆಂದೇ ಗೋಳದಲ್ಲಿ ಸಣ್ಣ ರಂಧ್ರ ಕೊರೆದ ವಾಲ್ವುಗಳಿವೆ. ಮುಚ್ಚಿದಾಗ ಆ ರಂಧ್ರ ತೊಟ್ಟಿಯ ಕಡೆಗೆ ತೆರೆದಿರಬೇಕು. ಸರಿಯಾದ ವಾಲ್ವ್ ತಂದು ತಿರುಗುಮುರುಗಾಗಿ ಕೂರಿಸಿದ್ದನ್ನೂ ನಾನು ನೋಡಿದ್ದೇನೆ. ಮುಚ್ಚಿದ ವಾಲ್ವ್ ಸಣ್ಣಗೆ ಸೋರುತ್ತಲೇ ಇತ್ತು, ಸೀಲನ್ನು ಎರಡು ಸಲ ಬದಲಿಸಿ ದುಡ್ಡು ಕಳೆದ ಮೇಲೆ ಕವಚದ ಮೇಲಿನ ಬಾಣದ ಗುರುತು ಕಣ್ಣಿಗೆ ಬಿತ್ತು. ಈ ದ್ರವಗಳ ಕ್ಯಾನಿಗೆ ಗಾಳಿ ಬಿಡುವ ಮುಚ್ಚಳವೇ ಇರಬೇಕು. ಅದು ಕಳೆದುಹೋಯಿತೆಂದು ಬೇರೆ ಕ್ಯಾನಿನ ಗಟ್ಟಿ ಮುಚ್ಚಳ ಹಾಕಿದರೆ ಕ್ಯಾನು ಚೆಂಡಾಗುತ್ತದೆ. ಹೈಪೋಕ್ಲೋರೈಟ್ ಎಳೆದ ಪಂಪನ್ನು ಆಮ್ಲಕ್ಕೆ ಎಂದೂ ಹಾಕಬೇಡಿ, ಹೊರಬರುವುದು ಕ್ಲೋರಿನ್.

ಜೋಡಣೆಯೇ ಜಿನುಗುತ್ತದೆ

ಮೇಲಿನದೆಲ್ಲ ಸರಿಯಿದ್ದೂ ಜೋಡಣೆ ಒದ್ದೆಯಾದರೆ ಈಗ ಅಲ್ಲಿಗೆ ಬನ್ನಿ. ಎರಡೇ ಸಂಶಯ: ಮರೆ (ತಿರುಗಿಸಿ ಕೂರಿಸುವ ಸ್ಕ್ರೂ ಸುರುಳಿ) ಅಥವಾ ವಾಷರ್.

ಮರೆಯ ಪರೀಕ್ಷೆ ಬರಿಗೈಯಲ್ಲಿ ಮಾಡುವಂಥದ್ದು. ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಗಟ್ಟಿಯಾಗಿ ಹಿಡಿದರೆ ಅವು ಒಂದೇ ಜಾತಿಯ ಮರೆಗಳಲ್ಲ. ಬ್ರಿಟಿಷ್ ಪೈಪ್ ಮರೆಯ ಕೋನ 55 ಡಿಗ್ರಿ, ಅಮೆರಿಕದ್ದು 60. 2 ಇಂಚಿನಲ್ಲಿ ಮೊದಲನೆಯದಕ್ಕೆ ಇಂಚಿಗೆ 11 ಸುತ್ತು, ಎರಡನೆಯದಕ್ಕೆ 11.5. ನೋಡಲು ಅವಳಿ, ಕೂಡಲು ಅಲ್ಲ. ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ಇವೆರಡೂ ಅಲ್ಲದ ದಪ್ಪ ಮರೆಗಳೂ ಬರುತ್ತವೆ. ಟೇಪು ಸುತ್ತಿ ಸಮಾಧಾನ ಮಾಡಬೇಡಿ, ಸರಿಯಾದ ಅಡಾಪ್ಟರ್ ತನ್ನಿ.

ವಾಷರ್ ಕಥೆ ಇನ್ನೂ ಸೂಕ್ಷ್ಮ. ಅಸಿಟೋನಿಗೆ ನೈಟ್ರೈಲ್ ಊದಿಕೊಳ್ಳುತ್ತದೆ, ದುಬಾರಿ ವೈಟಾನ್ ರಬ್ಬರ್ ಕೂಡ ಊದಿಕೊಳ್ಳುತ್ತದೆ, ಅಗ್ಗದ ಇಪಿಡಿಎಂ ರಬ್ಬರ್ ತಡೆಯುತ್ತದೆ. ಟಾಲೀನ್, ಪೆಟ್ರೋಲಿಗೆ ಲೆಕ್ಕ ಉಲ್ಟಾ: ವೈಟಾನ್ ನಿಲ್ಲುತ್ತದೆ, ಇಪಿಡಿಎಂ ಊದಿ ಹೊರಚಾಚುತ್ತದೆ. ದುಬಾರಿಯಾದದ್ದು ಎಲ್ಲಕ್ಕೂ ಆಗುತ್ತದೆ ಎಂಬ ತರ್ಕ ಇಲ್ಲಿ ನಡೆಯುವುದಿಲ್ಲ. ಹೆಚ್ಚುಕಡಿಮೆ ಎಲ್ಲಕ್ಕೂ ಆಗುವುದು ಟೆಫ್ಲಾನ್, ಆದರೆ ಅದಕ್ಕೆ ರಬ್ಬರಿನ ಪುಟಿತವಿಲ್ಲ. ಸಂಶಯವಿದ್ದರೆ ಒಂದು ವಾಷರನ್ನು ಅಳೆದು, ಅದೇ ದ್ರವದ ಮುಚ್ಚಿದ ಬಾಟಲಿಯಲ್ಲಿ ಒಂದು ವಾರ ಇಟ್ಟು, ಮತ್ತೆ ಅಳೆಯಿರಿ. ಲೋಹಗಳಲ್ಲಿ ಮೂರು ಜೋಡಿಗಳನ್ನು ನೆನಪಿಟ್ಟರೆ ಸಾಕು: ಅಮೋನಿಯಾಕ್ಕೆ ಹಿತ್ತಾಳೆ ಬೇಡ, ಬಿರುಕು ಬಿಡುತ್ತದೆ, ಕಾಸ್ಟಿಕ್ಕಿಗೆ ಅಲ್ಯೂಮಿನಿಯಂ ಬೇಡ, ಕರಗುತ್ತ ಹೈಡ್ರೋಜನ್ ಬಿಡುತ್ತದೆ, ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಬೇಡ, 316 ದರ್ಜೆಯದ್ದೂ ಉಳಿಯುವುದಿಲ್ಲ.

ದ್ರಾವಕಗಳಿಗೆ ಪ್ರತ್ಯೇಕ ಮಾತು

ಟಾಲೀನ್, ಹೆಕ್ಸೇನ್‌ನಂಥವು ಚೆಲ್ಲದೆಯೂ ಬೆಂಕಿ ಹಚ್ಚಬಲ್ಲವು. ಕೊಳವೆಯಲ್ಲಿ ಹರಿಯುವಾಗ ಅವು ಸ್ಥಿರ ವಿದ್ಯುತ್ತನ್ನು ಹೊತ್ತುಕೊಂಡು ಬರುತ್ತವೆ. ಲೋಹದ ಡ್ರಮ್ಮನ್ನೂ ಲೋಹದ ಕ್ಯಾನನ್ನೂ ತಂತಿಯಿಂದ ಒಂದಕ್ಕೊಂದು ಜೋಡಿಸಿ ಭೂಸಂಪರ್ಕ ಕೊಡಬೇಕು. ತಂತಿ ಇದ್ದೂ ಕಿಡಿ ಹಾರಿದರೆ ಕ್ಲಿಪ್ಪಿನ ಹಲ್ಲು ಬಣ್ಣದ ಮೇಲೆ ಕೂತಿದೆಯೇ, ಲೋಹಕ್ಕೆ ಕಚ್ಚಿದೆಯೇ ನೋಡಿ. ಎತ್ತರದಿಂದ ಸುರಿಯಬಾರದು, ಕೊಳವೆ ತಳ ಮುಟ್ಟಬೇಕು. ಅದರ ತುದಿ ಮುಳುಗುವ ತನಕ ವೇಗ ಸೆಕೆಂಡಿಗೆ 1 ಮೀಟರ್ ಮೀರಬಾರದು. ಅಳೆಯುವ ಉಪಕರಣ ಇಲ್ಲದವರಿಗೆ ಒಂದು ಲೆಕ್ಕ: 25 ಮಿಲಿಮೀಟರ್ ಒಳವ್ಯಾಸದ ನಳಿಕೆಯಲ್ಲಿ 20 ಲೀಟರ್ ಕ್ಯಾನು 40 ಸೆಕೆಂಡಿಗಿಂತ ಬೇಗ ತುಂಬಿದರೆ ನೀವು ಆ ವೇಗ ದಾಟಿದ್ದೀರಿ.

ಕತ್ತಿನ ತನಕ ತುಂಬಿಸುವ ಲೋಭವೂ ಬೇಡ. ಅಸಿಟೋನ್ ಪ್ರತಿ ಡಿಗ್ರಿಗೆ ಸುಮಾರು 0.14 ಪ್ರತಿಶತ ಹಿಗ್ಗುತ್ತದೆ. ಬೆಳಗಿನ ತಂಪಿನಲ್ಲಿ ತುಂಬಿದ 20 ಲೀಟರ್, 25 ಡಿಗ್ರಿ ಏರಿದಾಗ ಇನ್ನೂ 700 ಮಿಲಿಲೀಟರ್ ಜಾಗ ಕೇಳುತ್ತದೆ. ಮಧ್ಯಾಹ್ನ ಮುಚ್ಚಳದ ಸುತ್ತ ಕಾಣುವ ಒದ್ದೆಗೆ ಮುಚ್ಚಳ ಕಾರಣವಲ್ಲ. ಹತ್ತರಲ್ಲೊಂದು ಪಾಲು ಖಾಲಿ ಬಿಡಿ.

ಎಲ್ಲ ಮುಗಿದ ಮೇಲೆ ಚೆಲ್ಲುತ್ತದೆ

ತುಂಬಿಸುವಾಗ ಮೈಯೆಲ್ಲ ಕಣ್ಣಾಗಿದ್ದು, ನಳಿಕೆ ಬಿಚ್ಚುವಾಗ ಮರೆಯುವುದು ನಮ್ಮ ಜಾಯಮಾನ. ಅದೇ 25 ಮಿಲಿಮೀಟರ್ ನಳಿಕೆಯ ಒಂದು ಮೀಟರಿನಲ್ಲಿ ಅರ್ಧ ಲೀಟರ್ ದ್ರವ ಉಳಿದಿರುತ್ತದೆ. ಮೂರು ಮೀಟರಿಗೆ ಒಂದೂವರೆ ಲೀಟರ್. ಪಂಪು ನಿಂತಿದೆ, ಕ್ಯಾನು ತುಂಬಿದೆ, ಆದರೆ ಒಂದು ದೊಡ್ಡ ಬಾಟಲಿಯಷ್ಟು ಆಮ್ಲ ನಿಮ್ಮ ಕೈಯಲ್ಲಿ ಜೋತಾಡುತ್ತಿದೆ. ಕ್ಯಾನು ತುಂಬುವ ಸ್ವಲ್ಪ ಮೊದಲೇ ಪಂಪು ನಿಲ್ಲಿಸಿ, ಪಂಪಿನ ಬದಿಯಲ್ಲಿ ಗಾಳಿ ಬಿಟ್ಟು, ಆ ಬದಿಯಿಂದ ನಳಿಕೆಯನ್ನು ಕೈಯಿಂದ ಕೈಗೆ ಎತ್ತುತ್ತ ಬಂದರೆ ಒಳಗಿದ್ದದ್ದು ಕ್ಯಾನಿಗೇ ಇಳಿಯುತ್ತದೆ. ಗಾಳಿ ಬಿಡದೆ ಎಷ್ಟು ಎತ್ತಿದರೂ ಅದು ಅಲ್ಲಾಡುವುದಿಲ್ಲ. ತುದಿಯನ್ನು ಹೊರಗೆ ತೆಗೆದು ಅಲುಗಿಸಿದಾಗ ಮಾತ್ರ ಒಮ್ಮೆಲೇ ಸುರಿಯುತ್ತದೆ, ಸಾಮಾನ್ಯವಾಗಿ ಪಾದದ ಮೇಲೆ.

ಬಾಟಲಿಯ ತಲೆಯ ಮೇಲೆ ಕೂರಿಸುವ ಅಳತೆ ಡಿಸ್ಪೆನ್ಸರಿನಲ್ಲೂ ಹೀಗೊಂದು ಕೊನೆಯ ಹನಿ ಇದೆ. ಕಾಸ್ಟಿಕ್ ದ್ರಾವಣ ಎಳೆದು ಮೂತಿ ಮುಚ್ಚದೆ ಬಿಟ್ಟರೆ, ತುದಿಯಲ್ಲಿ ನಿಂತ ಹನಿ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಬಿಳಿ ಹುಡಿಯಾಗಿ ಗಟ್ಟಿಯಾಗುತ್ತದೆ. ಉಪ್ಪಿನ ಕಣದಷ್ಟು ದಪ್ಪ, ಮೂತಿಯ ಒಂದೇ ಬದಿಯಲ್ಲಿ. ಮರುದಿನ ಮೊದಲ ಒತ್ತಿಗೆ ಧಾರೆ ನೇರ ಕೆಳಗೆ ಬರುವುದಿಲ್ಲ, ಆ ಕಣಕ್ಕೆ ಬಡಿದು ಅಡ್ಡಕ್ಕೆ ಹಾರುತ್ತದೆ. ಆದ್ದರಿಂದ ಬೆಳಗಿನ ಮೊದಲ ಒತ್ತು ಯಾವಾಗಲೂ ಒಂದು ಎತ್ತರದ ಬೀಕರಿನೊಳಗೆ, ಮೂತಿ ಅದರ ಗೋಡೆಗೆ ತಾಗುವಂತೆ, ಗಾಗಲ್ಸ್ ಹಾಕಿಕೊಂಡು.